ಪತಂಗದ ಗುರುತು: ಮೊದಲು ರೆಕ್ಕೆಯೋ, ಕುಡಿಮೀಸೆಯೋ?

ಕುಟುಂಬ ತಿಳಿಯಬೇಕೆಂದರೆ ಕುಡಿಮೀಸೆ (ತಲೆಯ ಮೇಲಿನ ಆಂಟೆನಾ), ಜಾತಿ ತಿಳಿಯಬೇಕೆಂದರೆ ರೆಕ್ಕೆ. ರಾತ್ರಿ ಬಿಳಿ ಬಟ್ಟೆ, ದೀಪ ಇಟ್ಟು ಪತಂಗಗಳನ್ನು ಕರೆದು ನೋಡುವವರು ಈ ಕ್ರಮದಲ್ಲೇ ಹೋಗುವುದು ಒಳ್ಳೆಯದು.

ರೇಷ್ಮೆ ಪತಂಗಗಳ ಗುಂಪಿನ ಅಟ್ಲಾಸ್, ಚಂದ್ರ ಪತಂಗಗಳಲ್ಲಿ ಗಂಡಿನ ಕುಡಿಮೀಸೆ ಅಗಲವಾದ ಗರಿಯಂತೆ, ಹೆಣ್ಣಿನದು ಸಪೂರ. ದೂರದ ಹೆಣ್ಣಿನ ವಾಸನೆ ಹಿಡಿಯಲು ಗಂಡಿಗೆ ಅಷ್ಟು ಹರವು ಬೇಕು. ಹಾಗಾಗಿ ಗಂಡು ಹೆಣ್ಣಿನ ಗುರುತಿಗೆ ರೆಕ್ಕೆಗಿಂತ ಇದೇ ನಂಬಿಕಸ್ಥ. ತೊಂದರೆಯೆಂದರೆ, ಎಷ್ಟೋ ಪತಂಗಗಳು ಕೂತಾಗ ಕುಡಿಮೀಸೆಯನ್ನು ರೆಕ್ಕೆಯಡಿ ಮಡಚಿಡುತ್ತವೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಅದು ಕಾಣುವುದೇ ಇಲ್ಲ. ಪಕ್ಕದಿಂದಲೂ ಒಂದು ತೆಗೆಯಿರಿ.

ಮೆಕ್ಕೆಜೋಳದ ಹೊಲದಲ್ಲಿ ಮಾತ್ರ ಲೆಕ್ಕ ಬೇರೆ. ಭಾರತದಲ್ಲಿ ಮೊದಲು 2018ರಲ್ಲಿ ಶಿವಮೊಗ್ಗದಲ್ಲಿ ಕಂಡ, ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳುವಿನ ಪತಂಗಕ್ಕೂ ಅದರ ಹತ್ತಿರದ ಬಂಧು ಸ್ಪೊಡಾಪ್ಟೆರಾ ಲಿಟುರಾಕ್ಕೂ (ತಂಬಾಕಿನ ಎಲೆ ತಿನ್ನುವ ಹುಳುವಿನ ಪತಂಗ) ಕುಡಿಮೀಸೆ ದಾರದಂತೆಯೇ. ಅಲ್ಲಿ ಮುಂದಿನ ರೆಕ್ಕೆ ನೋಡಿ: ಸೈನಿಕ ಹುಳುವಿನ ಗಂಡಿಗೆ ತುದಿಯ ಬಳಿ ಬಿಳಿ ತ್ರಿಕೋನದ ಮಚ್ಚೆ; ಲಿಟುರಾಕ್ಕೆ ಅಡ್ಡಾದಿಡ್ಡಿ ಹಾಯ್ದ ತಿಳಿಗೆರೆಗಳ ಬಲೆ. ಸೈನಿಕ ಹುಳುವಿನ ಹೆಣ್ಣು ಮಾಸಲು ಬೂದು, ಮಚ್ಚೆ ಅಸ್ಪಷ್ಟ.

ಹೆಣ್ಣಿನ ವಾಸನೆಯಿಟ್ಟು ಗಂಡುಗಳನ್ನು ಸೆಳೆಯುವ ಮೋಹಕ ಬಲೆಯಲ್ಲಿ ಬಿದ್ದವು ಒದ್ದಾಡಿ ರೆಕ್ಕೆಯ ಹುರುಪೆ ಉದುರಿಸಿಕೊಂಡಿರುತ್ತವೆ, ಬೇರೆ ಜಾತಿಗಳೂ ಸೇರಿರುತ್ತವೆ. ಬೆಳಿಗ್ಗೆಯೇ ತೆಗೆದು, ಬೆರಳು ತಾಕಿಸದೆ ಚಿಮಟದಲ್ಲಿ ಹಿಡಿದು, 10 ಪಟ್ಟು ಮಸೂರದಲ್ಲಿ ನೋಡಿ. ಮಚ್ಚೆ ಅಳಿಸಿದ್ದರೆ ಗಂಡಿನ ಜನನಾಂಗ ಪರೀಕ್ಷೆಯೇ ಗತಿ.