ಮೂರು ಪಟ್ಟಿ, ಒಂದು ವರ್ಷದ ಶನಿವಾರಗಳು

ಹೋದ ವರ್ಷ ಪ್ರತಿ ಶನಿವಾರ ರಾತ್ರಿ ಅಮ್ಮ ಮತ್ತು ನಾನು ಒಂದೊಂದು ಸಿನಿಮಾ ನೋಡಿದೆವು. ಯಾವುದು ನೋಡೋದು ಅಂತ ಒದ್ದಾಡೋದೇ ಬೇಡ ಎಂದು ಮೂರು ಪಟ್ಟಿ ಇಟ್ಟುಕೊಂಡಿದ್ದೆ: ಐಎಂಡಿಬಿ ಎಂಬ ಸಿನಿಮಾ ಜಾಲತಾಣದ ಟಾಪ್ 250, ಬ್ರಿಟನ್ನಿನ ಸಿನಿಮಾ ಪತ್ರಿಕೆ ಸೈಟ್ ಅಂಡ್ ಸೌಂಡ್ ವಿಮರ್ಶಕರಿಂದ ಮಾಡಿಸುವ ಮತದಾನ, ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ನಮ್ಮ ರಾಷ್ಟ್ರಪ್ರಶಸ್ತಿ ಸ್ವರ್ಣ ಕಮಲ.

ಐಎಂಡಿಬಿ ಪಟ್ಟಿ ಹಿಡಿದು ಕೂತ ದಿನ ಅಮ್ಮ ಒಮ್ಮೆಯೂ ತೂಕಡಿಸಲಿಲ್ಲ. ಅಲ್ಲಿ ಅಂಕ ಕೊಡುವವರು ಸಾಮಾನ್ಯ ಪ್ರೇಕ್ಷಕರು. 1994ರ 'ದಿ ಶಾಶಾಂಕ್ ರಿಡೆಂಪ್ಶನ್'ಗೆ ಏಳು ಆಸ್ಕರ್ ನಾಮನಿರ್ದೇಶನ ಸಿಕ್ಕರೂ ಒಂದು ಪ್ರಶಸ್ತಿಯೂ ಬರಲಿಲ್ಲ. ಅದನ್ನು ಮೇಲಕ್ಕೆ ಎತ್ತಿ ಕೂರಿಸಿದ್ದು ಜನ. ಈ ಪಟ್ಟಿಯ ಬಗ್ಗೆ ನನಗೆ ಗೌರವ ಇರುವುದು ಅದಕ್ಕೇ. ಆದರೆ ಒಳಗೆ ಬರಲು ಕನಿಷ್ಠ 25,000 ಮತ ಬೇಕು. ಎಪ್ಪತ್ತರ ದಶಕದ ನಮ್ಮ ಕಪ್ಪು-ಬಿಳುಪು ಚಿತ್ರಕ್ಕೆ ಅಷ್ಟು ಜನ ಎಲ್ಲಿಂದ ಬರಬೇಕು? ನಾಲ್ಕು ತಿಂಗಳಾಗುವಷ್ಟರಲ್ಲಿ ಒಂದೇ ಹೋಟೆಲಿನ ಊಟ ಮಾಡಿದ ಹಾಗೆ ಆಯಿತು. ರುಚಿ ಚೆನ್ನಾಗಿದೆ, ಆದರೆ ಅದೇ ರುಚಿ.

ಸೈಟ್ ಅಂಡ್ ಸೌಂಡ್ ಬಗ್ಗೆ ನನಗೆ ಅಳುಕಿತ್ತು. 1952ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯುವ ಮತದಾನ ಅದು. 1962ರಿಂದ 2002ರ ತನಕ 'ಸಿಟಿಜನ್ ಕೇನ್' ಮೊದಲ ಸ್ಥಾನ ಬಿಡಲಿಲ್ಲ. 2012ರಲ್ಲಿ 'ವರ್ಟಿಗೊ' ಬಂತು. 2022ರಲ್ಲಿ 1,639 ಮಂದಿ ಮತ ಹಾಕಿ, ಶಾಂತಾಲ್ ಆಕರ್ಮಾನ್ ಅವರ 'ಜೀನ್ ಡೀಲ್ಮನ್' ಮೊದಲಾಯಿತು. ಮೂರು ಗಂಟೆ ಇಪ್ಪತ್ತು ನಿಮಿಷ, ಒಬ್ಬ ಗೃಹಿಣಿ ಮನೆಗೆಲಸ ಮಾಡುವ ಚಿತ್ರ.

ಅಮ್ಮ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಹೋಗಲಿಲ್ಲ. ಕಥೆಯ ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಹೋಗುತ್ತದೆ. ಪಾತ್ರೆ ಎಲ್ಲಿಡಬೇಕು ಅಂತ ತೋಚದೆ ಆಕೆ ಅದನ್ನು ಹಿಡಿದು ಮನೆಯೆಲ್ಲ ಓಡಾಡುತ್ತಾಳೆ. ಅಷ್ಟು ಹೊತ್ತು ಸುಮ್ನೆ ಕೂತಿದ್ದ ಅಮ್ಮ, "ಅಯ್ಯೋ, ಇವತ್ತು ಅವಳ ಮನಸ್ಸು ನೆಟ್ಟಗಿಲ್ಲ ಕಣೋ" ಅಂದರು. ಸಬ್‌ಟೈಟಲ್ ಓದಿ ನನಗೆ ತಿಳಿಯದ್ದು ಅವರಿಗೆ ಪಾತ್ರೆ ನೋಡಿಯೇ ತಿಳಿದಿತ್ತು. ಯಾವ ಅಂಕದ ಪಟ್ಟಿಯೂ ಈ ಚಿತ್ರವನ್ನು ನಮ್ಮ ಮನೆಗೆ ತರುತ್ತಿರಲಿಲ್ಲ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಇಲ್ಲಿ ಮತದಾರರು ಹತ್ತು ಚಿತ್ರ ಹೆಸರಿಸಿದರೆ ಸಾಕು, ಯಾವುದು ಮೇಲೆ ಯಾವುದು ಕೆಳಗೆ ಅಂತ ಹೇಳಬೇಕಿಲ್ಲ. ಯಾರು ಯಾವ ಹತ್ತು ಆರಿಸಿದರು ಅನ್ನೋದನ್ನೂ ಪತ್ರಿಕೆ ಪ್ರಕಟಿಸುತ್ತದೆ. ನಾನು ಮೊದಲ ನೂರು ಚಿತ್ರಗಳ ಪಟ್ಟಿ ಬಿಟ್ಟು ಅವರವರ ಹತ್ತನ್ನೇ ಓದತೊಡಗಿದೆ. ನಿಮಗೆ ಇಷ್ಟವಾದ ಎರಡು ಚಿತ್ರ ಯಾರ ಹತ್ತರಲ್ಲಿ ಇವೆಯೋ ನೋಡಿ, ಅವರು ಹೇಳಿದ ಉಳಿದ ಎಂಟನ್ನು ಹಿಡಿಯಿರಿ. ನನಗೆ ಅತಿ ಹೆಚ್ಚು ಒಳ್ಳೆಯ ರಾತ್ರಿಗಳು ಸಿಕ್ಕಿದ್ದು ಹೀಗೆ. ಕೊರತೆಯೂ ಇದೆ. ಮೊದಲ ನೂರರಲ್ಲಿ ನಮ್ಮ ದೇಶದ್ದು 35ನೇ ಸ್ಥಾನದ 'ಪಥೇರ್ ಪಾಂಚಾಲಿ' ಒಂದೇ. ಇದು ನನಗೆ ನಿಜವಾಗಲೂ ನೋವು ಕೊಟ್ಟಿತು.

ಸ್ವರ್ಣ ಕಮಲ ಬೇರೆ ಜಾತಿಯದು. ಆ ವರ್ಷದ ಚಿತ್ರಗಳನ್ನಷ್ಟೇ ತೂಗಿ ನೋಡುತ್ತಾರೆ, ನಲವತ್ತು ವರ್ಷದ ಹಿಂದಿನದರ ಜೊತೆ ಹೋಲಿಸುವುದಿಲ್ಲ. ಹೀಗಾಗಿಯೇ 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಒಂದೇ ಸಾಲಿನಲ್ಲಿ ನಮಗೆ ಸಿಗುತ್ತವೆ. ಕೊನೆಯ ನಾಲ್ಕೂ ಗಿರೀಶ್ ಕಾಸರವಳ್ಳಿಯವರವು. ಕನ್ನಡ ಬಲ್ಲವರು ಶುರು ಮಾಡಬೇಕಾದ್ದು ಇಲ್ಲಿಂದಲೇ ಅಂತ ನನ್ನ ಖಚಿತ ಅಭಿಪ್ರಾಯ. ತೊಂದರೆ ಇರುವುದು ಪಟ್ಟಿಯಲ್ಲಲ್ಲ, ಪ್ರತಿಯಲ್ಲಿ. 'ಘಟಶ್ರಾದ್ಧ' ನಮಗೆ ಸಿಕ್ಕಿದ್ದು ಮುಖಗಳೇ ಕಾಣದಷ್ಟು ಮಸುಕಾದ ವಿಡಿಯೊ. ಅರ್ಧಕ್ಕೇ ನಿಲ್ಲಿಸಿದೆವು.

ಅದರ ಪುನರುಜ್ಜೀವನಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿದೆ. ಅದು ನಮ್ಮೂರಿನ ಥಿಯೇಟರಿಗೆ ಬಂದ ದಿನ ಅಮ್ಮನನ್ನು ಕರೆದುಕೊಂಡು ಹೋಗಬೇಕು. ಉಳಿದರ್ಧ ಏನಾಯಿತು ಅಂತ ಅವರು ಇನ್ನೂ ಕೇಳುತ್ತಲೇ ಇದ್ದಾರೆ.