ಶೆಟ್ಲಿ (ಸಿಗಡಿ) ಮರಿ ಪರೀಕ್ಷೆಗೆ ಪಿಸಿಆರ್ ಕಿಟ್ಟೋ, ಲ್ಯಾಂಪ್ ಕಿಟ್ಟೋ?

ಕುಮಟಾ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ) ಶೆಟ್ಲಿ ಬೆಳೆಸುವವರಿಗೆ ಬಿಳಿಚುಕ್ಕೆ ವೈರಸ್ಸೇ ದೊಡ್ಡ ಭಯ. ಮರಿಯಲ್ಲಿ ಆ ವೈರಸ್ಸಿನ ಡಿಎನ್‌ಎ ಇದ್ದರೆ ಅದನ್ನು ಹಲವು ಪಟ್ಟು ನಕಲು ಮಾಡಿ ಪತ್ತೆಹಚ್ಚುವ ಎರಡು ವಿಧಾನಗಳೇ ಪಿಸಿಆರ್ ಮತ್ತು ಲ್ಯಾಂಪ್. ಕಿಟ್ ಮಾರುವವರು ‘ಪೇಟೆಂಟ್ ತಂತ್ರಜ್ಞಾನ’ ಅಂದರೆ ಅದಕ್ಕೇ ಹೆಚ್ಚು ದುಡ್ಡು ಕೊಡಬೇಡಿ. ಪಿಸಿಆರ್‌ನ ಮೂಲ ಅಮೆರಿಕನ್ ಪೇಟೆಂಟ್ 2005ರಲ್ಲೇ ಮುಗಿದಿದೆ. ಜಪಾನಿನ ಐಕೆನ್ ಕಂಪನಿಯ ಲ್ಯಾಂಪ್ ಮೂಲ ಪೇಟೆಂಟಿನ 20 ವರ್ಷವೂ ಕಳೆದಿದೆ. ಈಗಿನ ಪೇಟೆಂಟುಗಳು ಹೆಚ್ಚಾಗಿ ಪ್ರೈಮರ್ (ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಣುಕು), ಕಿಣ್ವ, ಉಪಕರಣಗಳ ಸುಧಾರಣೆಗೆ.

ಪಿಸಿಆರ್‌ಗೆ 95 ಡಿಗ್ರಿಗೆ ಕಾಯಿಸಿ, ತಣಿಸಿ, ಮತ್ತೆ ಕಾಯಿಸುವ ಯಂತ್ರ ಬೇಕು. ಕರೆಂಟು ಹೋದರೆ ಕೆಲಸ ಕೆಟ್ಟಿತು. ಲ್ಯಾಂಪ್‌ಗೆ ಸುಮಾರು 65 ಡಿಗ್ರಿಯ ಒಂದೇ ಬಿಸಿ ಸಾಕು. ಕೆಲವು ಕಿಟ್‌ಗಳಲ್ಲಿ ವೈರಸ್ ಇದ್ದರೆ ಗಂಟೆಯೊಳಗೆ ಗುಲಾಬಿ ದ್ರಾವಣ ಹಳದಿಯಾಗುವುದು ಕಣ್ಣಿಗೇ ಕಾಣುತ್ತದೆ. ಆದರೆ ಆಮೇಲೆ ಟ್ಯೂಬ್ ತೆರೆದಿರೋ, ನಕಲಾದ ಡಿಎನ್‌ಎ ಹರಡಿ ಮುಂದಿನ ಪರೀಕ್ಷೆಗಳು ಸುಳ್ಳು ಪಾಸಿಟಿವ್ (ವೈರಸ್ ಇಲ್ಲದಿದ್ದರೂ ಇದೆ ಎಂದು) ಬರಬಹುದು!

ಮರಿ ಬಿಡುವ ಮೊದಲು ಲ್ಯಾಬಿನ ಪಿಸಿಆರ್ ಮಾಡಿಸಿ. ಹೊಂಡದ ದಂಡೆಯ ತುರ್ತಿಗೆ ಲ್ಯಾಂಪ್ ಇಟ್ಟುಕೊಳ್ಳಿ.