ಮೂಸಿಯೂ ನೋಡದ ಕ್ರಾಪಿಗೆ ಯಾವುದು ಸರಿ: ಗರಿ ಜಿಗ್ಗೋ, ಪ್ಲಾಸ್ಟಿಕ್ಕೋ, ಫ್ಲೈಯೋ?

ಕ್ರಾಪಿ ಅಂದರೆ ಅಮೆರಿಕದ ಒಂದು ಸಿಹಿನೀರಿನ ಮೀನು, ಅದಕ್ಕೆ ಗಾಳ ಹಾಕುವಾಗ ಲೈನಿನ ತುದಿಗೆ ಏನು ಕಟ್ಟಬೇಕು ಅನ್ನುವುದೇ ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 1/64 ಔನ್ಸ್ ತೂಕದ ಗರಿ ಜಿಗ್‌ಗೆ. ಜಿಗ್ ಅಂದರೆ ತಲೆಗೆ ತೂಕ ಹಾಕಿದ ಕೊಕ್ಕೆ, ಅಂಗಡಿಯಲ್ಲಿ ಮರಾಬೂ ಜಿಗ್ ಅಂತ ಕೇಳಿ. ಹೆಸರು ಮರಾಬೂ ಕೊಕ್ಕರೆಯದು, ಆದರೆ ಈಗ ಕಟ್ಟುವುದು ಟರ್ಕಿ ಕೋಳಿಯ ಮೆತ್ತನೆ ಪುಕ್ಕದಲ್ಲಿ. ಇದರ ಎದುರಾಳಿಗಳು ಎರಡು: ಎರಡಿಂಚಿನ ಮೆದು ಪ್ಲಾಸ್ಟಿಕ್ ಮರಿಮೀನು ಮತ್ತು ಫ್ಲೈ, ಅಂದರೆ ದಾರ, ಪುಕ್ಕ ಸುತ್ತಿ ಹುಳುವಿನ ಹಾಗೆ ಮಾಡಿದ ಕೊಕ್ಕೆ. ಎರಡಕ್ಕೂ ದುಡ್ಡು ಸುರಿದಾಗಿದೆ, ಹಾಗಾಗಿ ಬೈಯುವ ಹಕ್ಕೂ ಇದೆ.

ನಾನು ಗಾಳ ಹಾಕುವುದು ನಾರ್ತ್ ಕೆರೊಲಿನಾದ ಜೋರ್ಡನ್ ಲೇಕ್‌ನಲ್ಲಿ. ಕ್ಯಾರಿ, ಏಪೆಕ್ಸ್ ಕಡೆಯ ನಮ್ಮವರಿಗೆ ಇದು ಪಿಕ್ನಿಕ್ ಜಾಗವಾಗಿ ಗೊತ್ತು. ಫ್ಯಾರಿಂಗ್ಟನ್ ರಸ್ತೆಯ ಸೇತುವೆ ಬಳಿ ದಡದಲ್ಲೇ ನಿಂತು ಹಿಡಿಯುತ್ತೇನೆ. ದೋಣಿಯೂ ಇಲ್ಲ, ನೀರೊಳಗೆ ಮೀನು ತೋರಿಸುವ ಸೋನಾರೂ ಇಲ್ಲ. ಅವೆರಡೂ ಇರುವವರಿಗೆ ನನ್ನ ಲೆಕ್ಕಾಚಾರ ಅಷ್ಟಾಗಿ ಹೊಂದದು. ಇನ್ನು, 16 ತುಂಬಿದವರಿಗೆ ಲೈಸೆನ್ಸ್ ಕಡ್ಡಾಯ.

ವಸಂತದಲ್ಲಿ ನೀರು 60ರಿಂದ 65 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ಕ್ರಾಪಿ ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ಆಗ ಯಾರು ಏನು ಹಾಕಿದರೂ ಕಚ್ಚುತ್ತದೆ, ಹೋಲಿಕೆಯೇ ಬೇಡ. ಪರೀಕ್ಷೆ ಇರುವುದು ಶೀತಮಾರುತ ದಾಟಿಹೋದ ಮರುದಿನ. ಆಕಾಶ ತೊಳೆದಿಟ್ಟಷ್ಟು ನೀಲಿ, ಬಿಸಿಲು ಚುರುಕು, ಮೀನು ಮಾತ್ರ ಮುಳುಗಿದ ಮರದ ಕೊಂಬೆಗೆ ಅಂಟಿಕೊಂಡು ಅಲ್ಲಾಡುವುದಿಲ್ಲ. ಎದುರಿಗೆ ಹಾದುಹೋದದ್ದನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಮೂಗಿನ ಮುಂದೆ, ಸ್ವಲ್ಪ ಮೇಲೆ, ಸುಮ್ಮನೆ ತೂಗುತ್ತಿದ್ದರೆ ಮಾತ್ರ ಬಾಯಿ ಹಾಕುತ್ತದೆ. ಅದರ ಕಣ್ಣು ತಲೆಯ ಮೇಲ್ಭಾಗದಲ್ಲಿದೆ, ನೋಟವೆಲ್ಲ ಮೇಲಕ್ಕೆ. ಅದಕ್ಕಿಂತ ಕೆಳಗೆ ಇಳಿಬಿಟ್ಟಿರೋ, ಕೆಲಸ ಕೆಟ್ಟಿತು.

ಈಗ ಪ್ಲಾಸ್ಟಿಕ್ ವಿಷಯ. ಅಂಗಡಿಯವರು ಮೊದಲು ಕೈಗಿಡುವುದು ಇದನ್ನೇ: 1/32 ಔನ್ಸಿನ ಸೀಸದ ತಲೆ, ಅದಕ್ಕೆ ಪೋಣಿಸಿದ ಮೆದು ಮರಿಮೀನು. ಎಸೆಯಲು ಸುಲಭ, ಬಣ್ಣಗಳು ಲೆಕ್ಕವಿಲ್ಲದಷ್ಟು. ಆದರೆ ಜೋರ್ಡನ್ನಿನಲ್ಲಿ ಕ್ರಾಪಿಗಿಂತ ಮೊದಲು ಬ್ಲೂಗಿಲ್‌ಗಳು ಹಾಜರಾಗುತ್ತವೆ. ಅಂಗೈಯಷ್ಟಗಲದ ಮೀನು, ಬಾಯಿ ಚಿಕ್ಕದು, ಕೊಕ್ಕೆಯನ್ನು ನುಂಗಲಾರದು. ಬಾಲವನ್ನು ಮಾತ್ರ ಹಿಡಿದು ಜಗ್ಗುತ್ತದೆ. ಒಂದು ಜಗ್ಗಿಗೇ ಪ್ಲಾಸ್ಟಿಕ್ಕು ಲಾಡಿ ಬಿಚ್ಚಿದ ಪೈಜಾಮದ ಹಾಗೆ ಕೊಕ್ಕೆಯ ಬಾಗಿನವರೆಗೆ ಜಾರಿ ಮುದುರಿಕೊಳ್ಳುತ್ತದೆ.

ತಮಾಷೆ ಏನೆಂದರೆ ಇದು ಮೇಲೆ ನಿಂತವರಿಗೆ ತಿಳಿಯುವುದೇ ಇಲ್ಲ. ನೀರ ಮೇಲೆ ತೇಲುವ ಬೆಂಡು ಒಮ್ಮೆ ಕುಣಿದು ಸುಮ್ಮನಾಗುತ್ತದೆ. ನೀವು ಕಾಯುತ್ತೀರಿ. ಕೆಳಗೆ ತೂಗುತ್ತಿರುವುದು ಮುದುರಿದ ರಬ್ಬರಿನ ಉಂಡೆ. ಹುಷಾರಿನ ಕ್ರಾಪಿ ಅದನ್ನು ಮೂಸಿಯೂ ನೋಡುವುದಿಲ್ಲ. ಎಳೆದು ನೋಡಿ, ನೇರ ಮಾಡಿ, ಮತ್ತೆ ಎಸೆದು, ಮತ್ತೆ ಎಳೆದು. ಒಂದು ಬೆಳಗ್ಗೆ ಹೀಗೇ ಕಳೆದುಹೋಗುತ್ತದೆ. ಸೂಪರ್ ಗ್ಲೂ ಒಂದು ತೊಟ್ಟು ಹಾಕಿದರೆ ಜಾರುವುದು ನಿಲ್ಲುತ್ತದೆ, ನಿಜ. ಆದರೆ ಬಾಲ ಕಡಿದುಹೋದ ಮೇಲೆ ಅಂಟನ್ನು ಕೆರೆದು ತೆಗೆಯಬೇಕು, ಚಳಿಗೆ ಮರಗಟ್ಟಿದ ಬೆರಳಲ್ಲಿ. ಸಾಲದ್ದಕ್ಕೆ ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್ಕುಗಳನ್ನು ಒಂದೇ ಡಬ್ಬಿಯಲ್ಲಿಟ್ಟು ಬೇಸಗೆಯಲ್ಲಿ ಕಾರಿನಲ್ಲಿ ಬಿಟ್ಟರೆ ಕೆಲವು ಕರಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಫ್ಲೈ ಬಗ್ಗೆ ದೂರಿಲ್ಲ, ದೂರಿರುವುದು ಫ್ಲೈ ರಾಡ್ ಬಗ್ಗೆ. ಬೆನ್ನ ಹಿಂದೆ ಪೈನ್ ಮರಗಳಿರುವ ದಡದಲ್ಲಿ ನಿಂತು ಆ ಉದ್ದನೆ ಲೈನನ್ನು ಹಿಂದಕ್ಕೆ ಬೀಸುವವರಿಗೆ ನನ್ನ ನಮಸ್ಕಾರ. ಅದೇ 10ನೇ ಸೈಜಿನ, ಮಣಿ ತಲೆಯ ವೂಲಿ ಬಗ್ಗರ್ ಎಂಬ ಫ್ಲೈಯನ್ನು ಮಾಮೂಲಿ ಸ್ಪಿನ್ನಿಂಗ್ ರಾಡಿಗೆ, ಬೆಂಡಿನ ಕೆಳಗೆ ಕಟ್ಟಿದರೆ ಚೆನ್ನಾಗಿಯೇ ದುಡಿಯುತ್ತದೆ. ದುಡ್ಡು ಹೋಗುವುದು ರಾಡಿಗೆ, ಮೀನು ಬರುವುದು ಫ್ಲೈಗೆ.

ಗರಿ ಜಿಗ್ಗಿನ ಗುಣ ಒಂದೇ, ಅದಕ್ಕೆ ನಾವು ಏನೂ ಮಾಡಬೇಕಾಗಿಲ್ಲ. ಅರ್ಧ ಗ್ರಾಮೂ ತೂಗದ ವಸ್ತು. ನೀರಲ್ಲಿ ನಿಂತಲ್ಲೇ ಪುಕ್ಕದ ಎಳೆಗಳು ಅರಳಿ ಮುದುಡುತ್ತವೆ. ಅಲೆ ಬೆಂಡನ್ನು ತೂಗಿದರೆ ಅಷ್ಟೇ ಸಾಕು. ಬ್ಲೂಗಿಲ್ ಜಗ್ಗಿದರೆ ನಾಲ್ಕು ಎಳೆ ಹೋದಾವು, ಜಾರುವ ಮಾತಿಲ್ಲ.

ತಕರಾರೂ ಇದೆ. ಇಷ್ಟು ಹಗುರವಾದದ್ದು ತಾನಾಗಿ ದೂರ ಹೋಗುವುದಿಲ್ಲ. ತೂಕ ಸೇರಿಸಿದ ಬೆಂಡು, 4 ಪೌಂಡ್ ಎಳೆತ ತಡೆಯುವ ತೆಳು ಲೈನ್ ಬೇಕೇ ಬೇಕು. ಹೊಸ ಜಿಗ್ಗಿನ ಕಣ್ಣಿಗೆ, ಅಂದರೆ ಲೈನ್ ಕಟ್ಟುವ ತೂತಿಗೆ, ಬಣ್ಣ ತುಂಬಿರುತ್ತದೆ, ಇನ್ನೊಂದು ಕೊಕ್ಕೆಯ ಮೊನೆಯಿಂದ ಚುಚ್ಚಿ ತೆಗೆಯಬೇಕು. ಪ್ರತಿ ಮೀನು ಬಿಡಿಸಿದ ಮೇಲೆ ಗಂಟನ್ನು ಕಣ್ಣಿನ ನೆತ್ತಿಗೆ ಸರಿಸಿ, ಜಿಗ್ ಅಡ್ಡಡ್ಡ ತೂಗುತ್ತಿದೆಯೇ ನೋಡಿ. ಮೂತಿ ಮೇಲಾಗಿ ನೇತಾಡುವ ಮರಿಮೀನನ್ನು ಕ್ರಾಪಿ ನಂಬುವುದಿಲ್ಲ.

ಕಚ್ಚಿದ್ದು ತಿಳಿಯುವ ಬಗೆಯೂ ಬೇರೆ. ಬೆಂಡು ಮುಳುಗುವುದನ್ನೇ ಕಾಯಬೇಡಿ. ಕ್ರಾಪಿ ಕೆಳಗಿನಿಂದ ಬಂದು ಜಿಗ್ಗನ್ನು ಬಾಯಲ್ಲಿಟ್ಟು ಮೇಲೇರಿದರೆ, ನೆಟ್ಟಗೆ ನಿಂತಿದ್ದ ಬೆಂಡು ಭಾರ ಕಳೆದುಕೊಂಡು ಮೆಲ್ಲಗೆ ಮಲಗುತ್ತದೆ. ಆಗ ರಾಡನ್ನು ಎತ್ತಿದರೆ ಸಾಕು. ತುಟಿ ಕಾಗದದಷ್ಟು ತೆಳು, ಜೋರಾಗಿ ಎಳೆದರೆ ಹರಿದುಕೊಂಡು ಹೋಗುತ್ತದೆ.

ಎಲ್ಲಕ್ಕಿಂತ ಜೀವಂತ ಮಿನ್ನೋ ಎಂಬ ಸಣ್ಣ ಮೀನೇ ಮೇಲು ಎನ್ನುವವರಿದ್ದಾರೆ, ಸುಳ್ಳಲ್ಲ. ಬೆಳಗಿನ ಮೀಟಿಂಗಿಗೆ ಮುಂಚೆ ಒಂದು ಗಂಟೆ ಬಿಡುವು ಮಾಡಿಕೊಂಡು ಬರುವ ನನಗೆ ಬಕೆಟ್ಟು, ಅದಕ್ಕೆ ಗಾಳಿಯೂದುವ ಪಂಪು ಹೊರುವ ವ್ಯವಧಾನವಿಲ್ಲ. ದೋಣಿಯಿಂದ ನೇರ ಕೆಳಗೆ ಇಳಿಬಿಡುವವರು ಪ್ಲಾಸ್ಟಿಕ್ಕನ್ನೇ ಇಟ್ಟುಕೊಳ್ಳಲಿ. ದಡದವರು, ಕೈ ಬಿಗಿ ಇರುವವರು ಬಿಳಿ ಮತ್ತು ಚಾರ್ಟ್ರೂಸ್ (ಹಳದಿ ಮಿಶ್ರಿತ ಹಸಿರು) ಬಣ್ಣದ ಗರಿ ಜಿಗ್ ತಗೊಳ್ಳಿ. ಈ ಕೆರೆಯ ಕಲಕು ನೀರಿಗೆ ಎರಡನೆಯದೇ ಹೆಚ್ಚು ಖರ್ಚಾಗುತ್ತದೆ, ಅದನ್ನೇ ಜಾಸ್ತಿ ಕೊಳ್ಳಿ.